ಮೊಡವೆಯ ಮದ್ದಿಗೆ ಕಾಲಾವಕಾಶ ಬೇಕು

ಡೊಂಬಿವಲಿಯ ರೈಲು ನಿಲ್ದಾಣದಿಂದ ಪೂರ್ವಕ್ಕೆ ಇಳಿದರೂ ಪಶ್ಚಿಮಕ್ಕೆ ಇಳಿದರೂ, ಮನೆಯ ದಾರಿ ಹಿಡಿಯುವ ಮೊದಲೇ ಎರಡು ಮೂರು ಔಷಧದಂಗಡಿಗಳು ಎದುರಾಗುತ್ತವೆ. ಅವುಗಳಲ್ಲಿ ಒಂದರ ಮುಂದೆ ನಿಂತು ಹದಿನೇಳೋ ಹದಿನೆಂಟೋ ವಯಸ್ಸಿನ ಹುಡುಗನಾಗಲಿ ಹುಡುಗಿಯಾಗಲಿ, ಸುತ್ತಲಿನವರಿಗೆ ಕೇಳಿಸದಂತೆ ದನಿ ತಗ್ಗಿಸಿ, ಮೊಡವೆಗೆ ಏನಾದರೂ ಕ್ರೀಮು ಕೊಡಿರೆಂದು ಬೇಡುವುದೂ, ಅಂಗಡಿಯವನು ಮುಖವನ್ನು ನೆಟ್ಟಗೆ ನೋಡದೆಯೇ ಒಂದು ಟ್ಯೂಬನ್ನು ಕಾಗದದ ಚೀಲಕ್ಕೆ ಹಾಕಿ ಕೊಡುವುದೂ ನಿತ್ಯ ನಡೆಯುವ ವ್ಯವಹಾರ. ಅರ್ಧ ನಿಮಿಷದಲ್ಲಿ ಮುಗಿದುಹೋಗುವ ಈ ವ್ಯವಹಾರದ ಫಲವನ್ನು ಆ ಮುಖವು ಎಷ್ಟೋ ಸಲ ವರ್ಷಗಟ್ಟಲೆ ಅನುಭವಿಸಬೇಕಾಗುತ್ತದೆ. ಥಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ನೆಲೆಸಿದ ನಮ್ಮ ಕನ್ನಡ ಮನೆಗಳಲ್ಲಿ ಮೊಡವೆಯ ವಿಷಯವು ಎರಡೇ ಬಗೆಯಲ್ಲಿ ಮಾತಿಗೆ ಬರುವುದುಂಟು: ಪ್ರಾಯದ ಸಹಜಧರ್ಮ, ತಾನಾಗಿಯೇ ಹೋಗುತ್ತದೆ ಎಂಬ ಸಮಾಧಾನ ಒಂದು, ಮದುವೆಯ ಮಾತುಕತೆ ಹತ್ತಿರವಾದಾಗ ಹೇಗಾದರೂ ಮಾಡಿ ತಿಂಗಳೊಳಗೆ ಮುಖ ತಿಳಿಯಾಗಬೇಕೆಂಬ ಆತುರ ಇನ್ನೊಂದು. ಇವೆರಡರ ನಡುವೆ ರೋಗದ ಸ್ವರೂಪವನ್ನು ಅರಿತುಕೊಳ್ಳುವ ಪ್ರಯತ್ನಕ್ಕೆ ಎಡೆಯೇ ಇಲ್ಲದೆ ಹೋಗಿದೆ. ಮೊಡವೆಯ ಕಾರಣಗಳು ಇಂದು ಬಹುಮಟ್ಟಿಗೆ ತಿಳಿದಿವೆ. ಅದಕ್ಕೆ ಮದ್ದುಗಳಿವೆ, ಅವುಗಳಲ್ಲಿ ಮುಖ್ಯವಾದವು ಸಾಮಾನ್ಯರ ಕೈಗೆಟುಕದಷ್ಟು ದುಬಾರಿಯೂ ಅಲ್ಲ. ಆದರೆ ಆ ಮದ್ದುಗಳಿಗೆ ವಾರಗಳ, ಕೆಲವೊಮ್ಮೆ ತಿಂಗಳುಗಳ, ಅವಕಾಶವನ್ನು ಕೊಡಲೇಬೇಕು. ಈ ಕಾಲವನ್ನು ಕೊಡಲೊಲ್ಲದ ಆತುರವೇ ಸಣ್ಣ ಉಪದ್ರವವನ್ನು ಮಾಯದ ಕಲೆಯನ್ನಾಗಿ ಮಾಡುತ್ತಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ಚರ್ಮದಲ್ಲಿ, ಅಂಗೈ ಅಂಗಾಲುಗಳಂತಹ ಕೆಲವು ಭಾಗಗಳನ್ನುಳಿದು, ಎಲ್ಲೆಡೆಯೂ ಕಣ್ಣಿಗೆ ಕಾಣುವ ಅಥವಾ ಕಾಣದಷ್ಟು ಸೂಕ್ಷ್ಮವಾದ ರೋಮಗಳಿವೆ. ಪ್ರತಿಯೊಂದು ರೋಮವೂ ಒಂದು ಕಿರಿದಾದ ಕೂಪದಿಂದ ಮೇಲೇಳುತ್ತದೆ. ಆ ಕೂಪದ ಗೋಡೆಗೆ ಹತ್ತಿಕೊಂಡು ಒಂದು ತೈಲಗ್ರಂಥಿಯಿರುತ್ತದೆ. ಆ ಗ್ರಂಥಿಯಿಂದ ಒಸರುವ ಜಿಡ್ಡು ಕೂಪದ ಬಾಯಿಯಿಂದ ಹೊರಬಂದು ಚರ್ಮವನ್ನು ಮೆದುವಾಗಿ ಇಡುತ್ತದೆ. ಮುಖದಲ್ಲಿಯೂ ನೆತ್ತಿಯಲ್ಲಿಯೂ ಈ ಗ್ರಂಥಿಗಳು ಚದರ ಸೆಂಟಿಮೀಟರಿಗೆ 400ರಿಂದ 900ರವರೆಗೆ ಕಿಕ್ಕಿರಿದಿರುತ್ತವೆಯಾದ್ದರಿಂದಲೂ, ಎದೆ ಬೆನ್ನುಗಳ ಮೇಲ್ಭಾಗದಲ್ಲಿ ಅವು ದೊಡ್ಡವಾಗಿರುತ್ತವೆಯಾದ್ದರಿಂದಲೂ, ಮೊಡವೆಗಳು ಏಳುವುದು ಈ ಸ್ಥಳಗಳಲ್ಲಿಯೇ. ಬಾಲ್ಯದಲ್ಲಿ ಈ ಗ್ರಂಥಿಗಳು ನಿದ್ರಿಸುತ್ತಿರುತ್ತವೆ. ಏಳೆಂಟು ವರ್ಷದಿಂದಾಚೆಗೆ ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಆಂಡ್ರೊಜೆನ್ ಎಂಬ ವರ್ಗದ ಹಾರ್ಮೋನುಗಳನ್ನು ಹೊರಡಿಸಲು ತೊಡಗುತ್ತವೆ. ಪ್ರಾಯ ಬಂದಂತೆ ಇವು ಹೆಚ್ಚುತ್ತವೆ. ಗಂಡುಮಕ್ಕಳಲ್ಲಿ ಅಧಿಕವಾಗಿಯೂ ಹೆಣ್ಣುಮಕ್ಕಳಲ್ಲಿ ಅಲ್ಪವಾಗಿಯೂ ಇರುವ ಇವುಗಳ ಪ್ರೇರಣೆಯಿಂದ ತೈಲಗ್ರಂಥಿಗಳು ಹಿಗ್ಗಿ ಜಿಡ್ಡನ್ನು ಸುರಿಸತೊಡಗುತ್ತವೆ. ಇದೇ ಸಮಯಕ್ಕೆ ಕೂಪದ ಒಳಗೋಡೆಯ ಜೀವಕೋಶಗಳು, ಸಹಜವಾಗಿ ಒಂದೊಂದಾಗಿ ಉದುರಿ ಜಿಡ್ಡಿನೊಡನೆ ಹೊರಬೀಳಬೇಕಾದವು, ಒಂದಕ್ಕೊಂದು ಅಂಟಿಕೊಂಡು ಬಾಯಿಯನ್ನು ಮುಚ್ಚುತ್ತವೆ. ಕಣ್ಣಿಗೆ ಏನೂ ಕಾಣದ ಈ ಮುಚ್ಚುವಿಕೆಯೇ ಮೊಡವೆಯ ಆರಂಭ. ಕನ್ನಡಿಯಲ್ಲಿ ಇಂದು ಕಾಣಿಸಿದ ಮೊಡವೆಗೆ ಬುನಾದಿ ಬಿದ್ದದ್ದು ಎಷ್ಟೋ ವಾರಗಳ ಹಿಂದೆ. ಈ ಒಂದು ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಂಡರೆ, ಚಿಕಿತ್ಸೆ ಏಕೆ ನಿಧಾನವೆಂಬುದು ತಾನಾಗಿಯೇ ವಿಶದವಾಗುತ್ತದೆ.

ಮುಚ್ಚಿದ ಕೂಪದ ಬಾಯಿ ತುಸು ತೆರೆದೇ ಇದ್ದರೆ, ಅಲ್ಲಿ ನಿಂತ ಜಿಡ್ಡು ಗಾಳಿಗೆ ಒಡ್ಡಿಕೊಂಡು, ಚರ್ಮದ ವರ್ಣದ್ರವ್ಯವೂ ಅದರಲ್ಲಿ ಬೆರೆತು, ಕಪ್ಪಾಗಿ ತೋರುತ್ತದೆ. ಇದನ್ನು ಕೊಳೆಯೆಂದು ಭಾವಿಸಿ ಒರಟಾದ ಬಟ್ಟೆಯಿಂದ ತಿಕ್ಕಿ ತಿಕ್ಕಿ ತೊಳೆಯುವವರು ಅನೇಕರು. ಅದು ಕೊಳೆಯಲ್ಲ. ಬಾಯಿ ಪೂರ್ಣವಾಗಿ ಮುಚ್ಚಿದಲ್ಲಿ ಚರ್ಮದ ಬಣ್ಣದ ಅಥವಾ ತುಸು ಬಿಳಿಯಾದ ಸಣ್ಣ ಗುಳ್ಳೆ ಏಳುತ್ತದೆ. ಈ ಕೂಪಗಳಲ್ಲಿ ಎಲ್ಲರಲ್ಲಿಯೂ, ಮೊಡವೆಯಿಲ್ಲದವರಲ್ಲಿಯೂ ಸಹ, ವಾಸಿಸುವ ಒಂದು ಬ್ಯಾಕ್ಟೀರಿಯವಿದೆ. ಪ್ರಾಪಿಯೊನಿಬ್ಯಾಕ್ಟೀರಿಯಮ್ ಆಕ್ನೆಸ್ ಎಂದು ಬಹುಕಾಲ ಕರೆಯಲ್ಪಟ್ಟು, 2016ರಿಂದ ಕ್ಯುಟಿಬ್ಯಾಕ್ಟೀರಿಯಮ್ ಎಂಬ ಕುಲಕ್ಕೆ ಸೇರಿಸಲ್ಪಟ್ಟಿರುವ ಈ ಜೀವಿಗೆ ಗಾಳಿಯಾಡದ ಜಿಡ್ಡಿನ ಮಡು ಅತ್ಯಂತ ಅನುಕೂಲವಾದ ನೆಲೆ. ಅದು ಅಲ್ಲಿ ವೃದ್ಧಿಗೊಂಡು, ದೇಹದ ರಕ್ಷಣಾವ್ಯವಸ್ಥೆಯನ್ನು ಕೆರಳಿಸಿ, ಕೆಂಪು, ನೋವು, ಬಾವು, ಕೀವುಗಳಿಗೆ ಕಾರಣವಾಗುತ್ತದೆ. ಕೂಪದ ಗೋಡೆ ಆಳದಲ್ಲಿ ಒಡೆದು ಒಳಗಿನ ದ್ರವ್ಯವೆಲ್ಲ ಸುತ್ತಲಿನ ಅಂಗಾಂಶಕ್ಕೆ ಚೆಲ್ಲಿದಾಗ ಗಟ್ಟಿಯಾದ ಗಂಟುಗಳೇಳುತ್ತವೆ. ಮುಂದೆ ಕುಳಿಗಳಾಗಿ ಉಳಿಯುವುವು ಹೆಚ್ಚಾಗಿ ಇವೇ. ಮೊಡವೆಯನ್ನು ಉಗುರಿನಿಂದ ಹಿಂಡಬಾರದೆನ್ನುವುದರ ಕಾರಣವೂ ಇಲ್ಲಿಯೇ ಇದೆ: ಹಿಂಡಿದಾಗ ಹೊರಕ್ಕೆ ಬರುವುದಕ್ಕಿಂತ ಒಳಕ್ಕೆ ಒಡೆಯುವುದೇ ಹೆಚ್ಚು.

ಇನ್ನು, ಎಲ್ಲರಿಗೂ ಪ್ರಾಯ ಬರುತ್ತದೆ, ಕೆಲವರ ಮುಖ ಮಾತ್ರ ಏಕೆ ಹೀಗಾಗುತ್ತದೆಂಬ ಪ್ರಶ್ನೆ. ಹನ್ನೆರಡರಿಂದ ಇಪ್ಪತ್ತನಾಲ್ಕು ವರ್ಷದ ಒಳಗಿನವರಲ್ಲಿ ಸುಮಾರು ಶೇಕಡಾ 85 ಮಂದಿಗೆ ಒಂದಲ್ಲ ಒಂದು ಪ್ರಮಾಣದಲ್ಲಿ ಮೊಡವೆ ಬರುವುದೆಂದು ವೈದ್ಯಗ್ರಂಥಗಳು ಹೇಳುತ್ತವೆ. ಆದರೆ ಅದರ ತೀವ್ರತೆ ಬಹುಪಾಲು ವಂಶದಿಂದ ಬರತಕ್ಕದ್ದು. 2002ರಲ್ಲಿ ಇಂಗ್ಲೆಂಡಿನಲ್ಲಿ ಅವಳಿ ಸಹೋದರಿಯರನ್ನು ಪರೀಕ್ಷಿಸಿ ಪ್ರಕಟಿಸಿದ ಒಂದು ಅಧ್ಯಯನವು, ಮೊಡವೆಯ ವಿಷಯದಲ್ಲಿ ವ್ಯಕ್ತಿ ವ್ಯಕ್ತಿಗಳ ನಡುವೆ ಕಾಣುವ ವ್ಯತ್ಯಾಸದ ಶೇಕಡಾ 81ರಷ್ಟು ಭಾಗ ಆನುವಂಶಿಕವೆಂದು ಕಂಡುಕೊಂಡಿತು. ನಮ್ಮ ಹಿರಿಯರು ಹೇಳುತ್ತಿದ್ದ ‘ಉಷ್ಣ’, ‘ರಕ್ತ ಕೆಟ್ಟಿದೆ’, ‘ನೀರು ಬದಲಾಯಿತು’ ಎಂಬ ಮಾತುಗಳನ್ನು ಈ ಬೆಳಕಿನಲ್ಲಿ ನೋಡಬೇಕು. ಸುಶ್ರುತಸಂಹಿತೆಯು ಕ್ಷುದ್ರರೋಗಗಳ ಗಣನೆಯಲ್ಲಿ ಮುಖದೂಷಿಕೆಯೆಂಬ ಹೆಸರಿನಿಂದ ಇದನ್ನು ಹೇಳಿ, ಯುವಕರ ಮುಖದಲ್ಲಿ ಬೂರುಗದ ಮುಳ್ಳಿನ ಆಕಾರದಲ್ಲಿ ಏಳುವ ಪಿಟಕಗಳೆಂದು ವರ್ಣಿಸಿದೆ. ರೋಗಕ್ಕೂ ವಯಸ್ಸಿಗೂ ಇರುವ ಸಂಬಂಧವನ್ನು ಅಷ್ಟು ಪ್ರಾಚೀನ ಕಾಲದಲ್ಲಿಯೇ ಗುರುತಿಸಿದ ಆ ದೃಷ್ಟಿಗೆ ಗೌರವ ಸಲ್ಲತಕ್ಕದ್ದು. ಆದರೆ ರಕ್ತವನ್ನು ಶುದ್ಧಿಮಾಡುವವೆಂದು ಸಾರುತ್ತ ಬಾಟಲಿಗಳಲ್ಲಿ ಬರುವ ಕಹಿ ಕಷಾಯಗಳು ತೈಲಗ್ರಂಥಿಯನ್ನು ಶಾಂತಗೊಳಿಸುತ್ತವೆಂಬುದಕ್ಕೆ ಪ್ರಮಾಣವಿಲ್ಲ; ರಜೆಯಲ್ಲಿ ಉಡುಪಿಗೋ ಕುಂದಾಪುರಕ್ಕೋ ಹೋದ ಮಗಳ ಮುಖ ಹದಿನೈದು ದಿನದಲ್ಲಿ ತಿಳಿಯಾದರೆ, ಅದರ ಶ್ರೇಯಸ್ಸು ಊರಿನ ಬಾವಿಯ ನೀರಿಗಿಂತ ಪರೀಕ್ಷೆಯ ಚಿಂತೆ ಕಳೆದು ನೆಮ್ಮದಿಯ ನಿದ್ದೆ ದೊರಕಿದ್ದಕ್ಕೆ ಸಲ್ಲುವ ಸಂಭವವೇ ಅಧಿಕ. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ವಿದ್ಯಾರ್ಥಿಗಳನ್ನು ಪರೀಕ್ಷಾಕಾಲದಲ್ಲಿಯೂ ಇತರ ಕಾಲದಲ್ಲಿಯೂ ನೋಡಿ 2003ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ, ಮನಸ್ಸಿನ ಒತ್ತಡ ಏರಿದಂತೆ ಮೊಡವೆಯೂ ಏರಿದ್ದು ಕಂಡುಬಂದಿದೆ. ಹತ್ತನೆಯ, ಹನ್ನೆರಡನೆಯ ತರಗತಿಯ ಮಕ್ಕಳನ್ನು ಬೆಳಗ್ಗೆ ಐದಕ್ಕೆ ಎಬ್ಬಿಸಿ ಕೋಚಿಂಗ್ ತರಗತಿಗೆ ಅಟ್ಟುವ ನಮ್ಮ ಮನೆಗಳಿಗೆ ಇದು ಅನ್ವಯಿಸದೆ ಇರದು.

ಆಹಾರದ ವಿಷಯದಲ್ಲಿ ವಿಜ್ಞಾನವೇ ಒಮ್ಮೆ ಅತ್ತ, ಒಮ್ಮೆ ಇತ್ತ ವಾಲಿದ್ದುಂಟು. 1969ರಲ್ಲಿ ಅಮೆರಿಕದಲ್ಲಿ ಫುಲ್ಟನ್, ಪ್ಲೆವಿಗ್, ಕ್ಲಿಗ್‌ಮನ್ ಎಂಬ ಮೂವರು ವೈದ್ಯರು ಚಾಕಲೇಟಿಗೂ ಮೊಡವೆಗೂ ಸಂಬಂಧವಿಲ್ಲವೆಂದು ಪ್ರಯೋಗಪೂರ್ವಕವಾಗಿ ಹೇಳಿದರು. ಅಂದಿನಿಂದ ಮೂರು ದಶಕಗಳ ಕಾಲ ಆಹಾರದ ಮಾತನ್ನು ಎತ್ತುವುದೇ ಅವೈಜ್ಞಾನಿಕವೆಂಬ ಭಾವನೆ ಬೇರೂರಿತು. ಆದರೆ ಅವರು ಹೋಲಿಕೆಗಾಗಿ ಕೊಟ್ಟ ಇನ್ನೊಂದು ಮಿಠಾಯಿಯಲ್ಲಿಯೂ ಸಕ್ಕರೆ ಕೊಬ್ಬುಗಳು ಅಷ್ಟೇ ಇದ್ದುವೆಂಬ ಆಕ್ಷೇಪವು ಮುಂದೆ ಬಂದಿತು. 2002ರಲ್ಲಿ ಲೊರೆನ್ ಕಾರ್ಡೈನ್ ಮತ್ತು ಸಂಗಡಿಗರು, ಪಪುವಾ ನ್ಯೂಗಿನಿಯ ಕಿಟಾವಾ ದ್ವೀಪದಲ್ಲಿ ಗೆಡ್ಡೆ, ಹಣ್ಣು, ಮೀನು, ತೆಂಗಿನಕಾಯಿಗಳನ್ನುಂಡು ಬದುಕುವ 1200 ಜನರನ್ನು ಪರೀಕ್ಷಿಸಿದಾಗ ಒಬ್ಬರಲ್ಲಿಯೂ ಮೊಡವೆ ಕಾಣಲಿಲ್ಲವೆಂದು ಬರೆದರು. 2007ರಲ್ಲಿ ಆಸ್ಟ್ರೇಲಿಯದಲ್ಲಿ 43 ಯುವಕರ ಮೇಲೆ 12 ವಾರಗಳ ಕಾಲ ನಡೆಸಿದ ಪ್ರಯೋಗದಲ್ಲಿ, ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸದ ಆಹಾರವನ್ನು ಉಂಡವರ ಮೊಡವೆಗಳು ಇತರರವಕ್ಕಿಂತ ಹೆಚ್ಚು ಇಳಿದುವು. ಸಕ್ಕರೆ ಏರಿದಾಗ ಇನ್ಸುಲಿನ್ ಏರುತ್ತದೆ, ಅದರೊಡನೆ ಬೆಳವಣಿಗೆಯನ್ನು ಪ್ರೇರಿಸುವ ಇತರ ದ್ರವ್ಯಗಳೂ ಏರುತ್ತವೆ, ಇವು ಆಂಡ್ರೊಜೆನ್ನಿಗೆ ಬೆಂಬಲವಾಗಿ ನಿಂತು ಜಿಡ್ಡನ್ನು ಹೆಚ್ಚಿಸುತ್ತವೆ ಎಂಬುದು ಇದರ ವಿವರಣೆ. ಹಾಗಾಗಿ ಎಣ್ಣೆಯಲ್ಲಿ ಕರಿದದ್ದು ಮುಖಕ್ಕೆ ಎಣ್ಣೆಯಾಗಿ ಬರುತ್ತದೆಂಬ ನಂಬಿಕೆಗೆ ಆಧಾರವಿಲ್ಲದಿದ್ದರೂ, ನಿಲ್ದಾಣದ ಹೊರಗಿನ ವಡಾಪಾವಿನಲ್ಲಿ ವಡೆಗಿಂತ ಪಾವೂ, ದಿನಕ್ಕೆ ನಾಲ್ಕೈದು ಸಲ ಕುಡಿಯುವ ಕಟಿಂಗ್ ಚಹಾದಲ್ಲಿ ಚಹಾಕ್ಕಿಂತ ಸಕ್ಕರೆಯೂ ಶಂಕೆಗೆ ಅರ್ಹವಾಗಿವೆ. ಹಾಲಿನ ಮೇಲಿನ ಆರೋಪ ದುರ್ಬಲವಾದದ್ದು. ವ್ಯಾಯಾಮಶಾಲೆಯ ಹುಡುಗರು ಡಬ್ಬಿಗಟ್ಟಲೆ ಕಲಸಿ ಕುಡಿಯುವ ವೇ ಪ್ರೋಟೀನಿನ ಮೇಲಿನ ಶಂಕೆ ಅದಕ್ಕಿಂತ ಬಲವಾದದ್ದು. ಮಾವು, ಮೊಟ್ಟೆ, ಬದನೆಗಳನ್ನು ಮಕ್ಕಳ ತಟ್ಟೆಯಿಂದ ತೆಗೆದುಹಾಕುವ ಅಗತ್ಯವಂತೂ ಇಲ್ಲ.

ನಮ್ಮ ಈ ಪ್ರದೇಶದ ಹವೆಗೂ ಜೀವನಕ್ರಮಕ್ಕೂ ಮೊಡವೆಯ ಕಥೆಯಲ್ಲಿ ಪ್ರತ್ಯೇಕವಾದ ಪಾತ್ರವಿದೆ. ಖಾಡಿಯ ಅಂಚಿನ ಈ ಊರುಗಳಲ್ಲಿ ಏಪ್ರಿಲಿನಿಂದ ಅಕ್ಟೋಬರಿನವರೆಗೆ ಬೆವರು ಆರುವುದೇ ಇಲ್ಲವೆನ್ನಬೇಕು. ಎರಡನೆಯ ಮಹಾಯುದ್ಧದಲ್ಲಿ ಶೀತದೇಶಗಳಿಂದ ಪೂರ್ವದ ಉಷ್ಣದೇಶಗಳಿಗೆ ಬಂದ ಸೈನಿಕರ ಬೆನ್ನು ಎದೆಗಳ ಮೇಲೆ ಉಗ್ರವಾದ ಮೊಡವೆಗಳೆದ್ದು, ಉಷ್ಣವಲಯದ ಮೊಡವೆಯೆಂಬ ವರ್ಗವೇ ವೈದ್ಯಶಾಸ್ತ್ರಕ್ಕೆ ಬಂದಿತು. ಬೆವರಿನಿಂದ ತೊಯ್ದ ಚರ್ಮ ಊದಿ ಕೂಪದ ಬಾಯಿಯನ್ನು ಇನ್ನಷ್ಟು ಕಿರಿದುಗೊಳಿಸುತ್ತದೆ. ಕಲ್ಯಾಣದಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನವರೆಗೆ ಲೋಕಲ್ ಗಾಡಿಯಲ್ಲಿ ಬೆನ್ನಿಗೆ ಚೀಲವನ್ನೊತ್ತಿಕೊಂಡು ನಿಂತವನ ಬೆನ್ನಿನಲ್ಲಿಯೂ, ಘೋಡ್‌ಬಂದರ್ ರಸ್ತೆಯಲ್ಲಿ ಹೆಲ್ಮೆಟ್ಟಿನ ಪಟ್ಟಿಯನ್ನು ಗಂಟೆಗಟ್ಟಲೆ ಬಿಗಿದುಕೊಂಡವನ ಗಲ್ಲದಲ್ಲಿಯೂ ಒತ್ತಡ ಮತ್ತು ಘರ್ಷಣೆಗಳಿಂದ ಮೊಡವೆಗಳು ಉದ್ರೇಕಗೊಳ್ಳುತ್ತವೆ. ಕರಾವಳಿಯ ಮೂಲದ ನಮ್ಮ ಮನೆಗಳಲ್ಲಿ ತಲೆಗೆ ತೆಂಗಿನೆಣ್ಣೆ ಬಳಿದು, ಕೈಯಲ್ಲಿ ಉಳಿದದ್ದನ್ನು ಮುಖಕ್ಕೂ ಸವರಿಕೊಳ್ಳುವ ಅಭ್ಯಾಸವಿದೆ. ಮೊಡವೆಯ ಸ್ವಭಾವದ ಚರ್ಮಕ್ಕೆ ಇದು ಹಿತವಲ್ಲ. ಹಣೆಯ ಮೇಲೆ, ಕೂದಲಂಚಿನ ಉದ್ದಕ್ಕೂ ಸಾಲಾಗಿ ಸಣ್ಣ ಗುಳ್ಳೆಗಳೆದ್ದಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ತಲೆಯ ಎಣ್ಣೆಯದು. ಎಣ್ಣೆಯನ್ನು ಬಿಡಬೇಕಾಗಿಲ್ಲ, ತಲೆಸ್ನಾನಕ್ಕೆ ಒಂದು ಗಂಟೆ ಮುಂಚೆ ಹಚ್ಚಿ ತೊಳೆದುಬಿಟ್ಟರೆ ಸಾಕು.

ಮುಂಬಯಿ ಕನ್ನಡಿಗರ ಇತಿಹಾಸದಲ್ಲಿ ಹೋಟೆಲಿನ ಅಡುಗೆಮನೆಗೆ ಇರುವ ಸ್ಥಾನ ಎಲ್ಲರಿಗೂ ತಿಳಿದದ್ದೇ. ಹದಿಹರೆಯದಲ್ಲಿ ದಕ್ಷಿಣ ಕನ್ನಡದಿಂದ ಬಂದು, ಹಗಲೆಲ್ಲ ಕಾದ ಬಾಣಲೆಯ ಮುಂದೆ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು ಮೇಲೆ ಬಂದವರ ತಲೆಮಾರುಗಳೇ ಇಲ್ಲಿವೆ. ಕರಿಯುವ ಎಣ್ಣೆಯ ಹೊಗೆ, ಕಾವು, ಬೆವರುಗಳು ಕೂಡಿ ಅಡುಗೆಯವರ ಮುಖದಲ್ಲಿ ಮೊಡವೆಗಳನ್ನು ಹೆಚ್ಚಿಸುತ್ತವೆಂಬುದು ವೃತ್ತಿರೋಗಗಳ ಶಾಸ್ತ್ರಕ್ಕೆ ಪರಿಚಿತವಾದ ಸಂಗತಿ. ಆ ಹುಡುಗರ ಮುಖದ ಗುಳ್ಳೆಗಳನ್ನು ಚೊಕ್ಕಟವಿಲ್ಲದ್ದರ ಗುರುತೆಂದು ಜರೆದವರಿಗೆ ಇದು ತಿಳಿದಿರಲಾರದು. ಡೊಂಬಿವಲಿಯ ಎಂ.ಐ.ಡಿ.ಸಿ.ಯಲ್ಲಿಯೂ ಥಾಣೆ-ಬೇಲಾಪುರ ರಸ್ತೆಯ ಕೈಗಾರಿಕಾ ಪಟ್ಟಿಯಲ್ಲಿಯೂ ಲೋಹ ಕೊರೆಯುವ ಯಂತ್ರಗಳ ಮುಂದೆ ನಿಲ್ಲುವವರಲ್ಲಿ, ಯಂತ್ರದ ಎಣ್ಣೆಯಿಂದ ತೊಯ್ದ ಬಟ್ಟೆ ಚರ್ಮಕ್ಕೆ ತಾಗುವ ತೊಡೆ, ಮುಂದೋಳುಗಳಲ್ಲಿ ಮೊಡವೆಯೆದ್ದರೆ ಅದು ಪ್ರಾಯದ್ದಲ್ಲ, ಎಣ್ಣೆಯದೆಂದು ತಿಳಿಯಬೇಕು. ಬಟ್ಟೆಯನ್ನು ದಿನವೂ ಬದಲಿಸುವುದೂ ಕೆಲಸ ಮುಗಿದೊಡನೆ ಸ್ನಾನ ಮಾಡುವುದೂ ಅದರ ಮೊದಲ ಚಿಕಿತ್ಸೆ. ಕ್ಲೋರಿನ್ ಬೆರೆತ ಕೆಲವು ರಾಸಾಯನಿಕಗಳಿಂದ ಬರುವ ಇನ್ನೊಂದು ಉಗ್ರ ಬಗೆಯನ್ನು ಫ್ರಾಂಕ್‌ಫರ್ಟಿನ ಕಾರ್ಲ್ ಹೆರ್ಕ್ಸ್‌ಹೈಮರ್ ಎಂಬ ವೈದ್ಯನು 1899ರಷ್ಟು ಹಿಂದೆಯೇ ವರ್ಣಿಸಿದನು. 1976ರಲ್ಲಿ ಇಟಲಿಯ ಸೆವೆಸೊದಲ್ಲಿ ರಾಸಾಯನಿಕ ಕಾರ್ಖಾನೆಯಿಂದ ಡಯಾಕ್ಸಿನ್ ಸೋರಿದಾಗ ಇದಕ್ಕೆ ತುತ್ತಾದ 193 ಮಂದಿಯಲ್ಲಿ ಮಕ್ಕಳೇ ಅಧಿಕ. ಒಂದೇ ಕಾರ್ಖಾನೆಯ ಹಲವರಲ್ಲಿ ಒಟ್ಟಿಗೆ, ಕಣ್ಣಿನ ಸುತ್ತ, ಕಿವಿಯ ಹಿಂದೆ ಕಪ್ಪು ಚುಕ್ಕೆಯ ಮೊಡವೆಗಳು ತೋರಿದರೆ ಅದನ್ನು ಉಪೇಕ್ಷಿಸಕೂಡದು.

ಮೊಡವೆಯಂತೆ ತೋರಿ ಮೊಡವೆಯಲ್ಲದ ವ್ಯಾಧಿಗಳೂ ಇವೆ. ಮಳೆಗಾಲದಲ್ಲಿ ಎದೆ, ಬೆನ್ನು, ಹಣೆಗಳ ಮೇಲೆ ಒಂದೇ ಗಾತ್ರದ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದು ತುರಿಸುತ್ತಿದ್ದರೆ, ಅದು ಬಹಳ ಮಟ್ಟಿಗೆ ಮಲಸೇಸಿಯ ಎಂಬ ಶಿಲೀಂಧ್ರದ ಕೆಲಸ. ಮೊಡವೆಯೆಂದು ಭಾವಿಸಿ ಆಂಟಿಬಯೋಟಿಕ್ ಕೊಟ್ಟಷ್ಟೂ ಅದು ಹೆಚ್ಚುತ್ತದೆ. ಕ್ಷಯರೋಗಕ್ಕೆ ಕೊಡುವ ಐಸೊನಯಜಿಡ್, ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ಸಸ್ಯಾಹಾರಿಗಳಾದ ನಮ್ಮಲ್ಲಿ ಅನೇಕರು ಚುಚ್ಚಿಸಿಕೊಳ್ಳುವ ಬಿ12 ಜೀವಸತ್ವ, ಇವುಗಳಿಂದಲೂ ಮೊಡವೆಯಂತಹ ಗುಳ್ಳೆಗಳು ಏಳಬಹುದು. ಮುಖದ ಚಿಂತೆಯಿಂದ ಕ್ಷಯರೋಗದ ಮಾತ್ರೆಯನ್ನು ನಡುವೆ ಬಿಟ್ಟವನು ತನಗೂ ಮನೆಯವರಿಗೂ ಅಪಾಯವನ್ನು ತಂದುಕೊಳ್ಳುತ್ತಾನೆ. ಮಾತ್ರೆಯನ್ನು ಮುಂದುವರಿಸುತ್ತಲೇ ಮೊಡವೆಗೆ ಬೇರೆ ಚಿಕಿತ್ಸೆ ಸಾಧ್ಯವಿದೆ.

ಇನ್ನು ಈ ಬರಹಕ್ಕೆ ಪ್ರೇರಣೆಯಾದ ಮುಖ್ಯ ಸಂಗತಿಗೆ ಬರುತ್ತೇನೆ. ಔಷಧದಂಗಡಿಗಳಲ್ಲಿ ಕೈಗೆ ಸಿಗುವ ಟ್ಯೂಬುಗಳಲ್ಲಿ ಹಲವು, ಬೆಟಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್ ಮುಂತಾದ ಸ್ಟೀರಾಯ್ಡುಗಳನ್ನು ಒಳಗೊಂಡಿರುತ್ತವೆ. ಇಸಬು ಮೊದಲಾದ ಚರ್ಮರೋಗಗಳಲ್ಲಿ, ವೈದ್ಯರ ನಿಗಾದಲ್ಲಿ, ಗೊತ್ತಾದ ಅವಧಿಗೆ ಇವು ಅಮೂಲ್ಯವಾದ ಔಷಧಗಳೇ ಸರಿ. ಆದರೆ ಮೊಡವೆಯ ಮುಖಕ್ಕೆ ಹಚ್ಚಿದಾಗ ಮೊದಲ ವಾರದಲ್ಲಿ ಕೆಂಪು ಇಳಿದು, ಬಣ್ಣ ತಿಳಿಯಾಗಿ, ಪವಾಡವೇ ನಡೆದಂತೆ ತೋರುತ್ತದೆ. ಹುಡುಗಿ ಗೆಳತಿಗೆ ಹೇಳುತ್ತಾಳೆ, ಗೆಳತಿ ಅಕ್ಕನಿಗೆ ಹೇಳುತ್ತಾಳೆ, ಟ್ಯೂಬು ಮನೆಯಿಂದ ಮನೆಗೆ ಹೋಗುತ್ತದೆ. ಕೆಲವು ತಿಂಗಳಲ್ಲಿ ಚರ್ಮ ತೆಳ್ಳಗಾಗಿ, ಅಡಿಯ ರಕ್ತನಾಳಗಳು ಗೆರೆಗೆರೆಯಾಗಿ ಕಾಣತೊಡಗಿ, ಮುಖದಲ್ಲಿ ಕೂದಲು ಹೆಚ್ಚಿ, ಮೊದಲಿಗಿಂತ ಬಲವಾಗಿ ಮೊಡವೆಗಳು ಏಳುತ್ತವೆ. ಹೆದರಿ ಕ್ರೀಮನ್ನು ನಿಲ್ಲಿಸಿದೊಡನೆ ಉರಿಯೂ ಕೆಂಪೂ ಹೊತ್ತಿಕೊಳ್ಳುತ್ತವೆ. ಆ ಉರಿ ತಾಳಲಾರದೆ ಮತ್ತೆ ಅದನ್ನೇ ಹಚ್ಚುತ್ತಾರೆ. ಹೀಗೆ ಬಿಡಿಸಿಕೊಳ್ಳಲಾಗದ ಸುಳಿಗೆ ಸಿಕ್ಕಿದ ಮುಖಗಳನ್ನು ಕಂಡೇ ನಮ್ಮ ದೇಶದ ಚರ್ಮವೈದ್ಯರು ಇದಕ್ಕೆ ‘ಸ್ಟೀರಾಯ್ಡಿನಿಂದ ಕೆಟ್ಟ ಮುಖ’ ಎಂಬ ಅರ್ಥದ ಪ್ರತ್ಯೇಕವಾದ ಹೆಸರನ್ನೇ ಇಡಬೇಕಾಯಿತು. 2011ರಲ್ಲಿ ಪ್ರಕಟವಾದ, ದೇಶದ 12 ಕೇಂದ್ರಗಳಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಮುಖದ ಚರ್ಮರೋಗವೆಂದು ಬಂದ 2926 ರೋಗಿಗಳಲ್ಲಿ 433 ಮಂದಿ, ಎಂದರೆ ಶೇಕಡಾ 14.8ರಷ್ಟು ಜನ, ಮುಖಕ್ಕೆ ಸ್ಟೀರಾಯ್ಡು ಹಚ್ಚುತ್ತಿದ್ದುದು ಕಂಡುಬಂದಿತು. ಅವರಲ್ಲಿ ಅತ್ಯಂತ ಸಾಮಾನ್ಯವಾಗಿ ಕಂಡ ದುಷ್ಪರಿಣಾಮ ಮೊಡವೆಯೇ. ಚರ್ಮವೈದ್ಯರ ಸಂಘದ ಒತ್ತಾಯದ ಹಿನ್ನೆಲೆಯಲ್ಲಿ, ಕೇಂದ್ರ ಸರ್ಕಾರವು 2018ರ ಮಾರ್ಚ್ ತಿಂಗಳಿನಲ್ಲಿ ಇಂತಹ 14 ಔಷಧಗಳ ಲೇಪಗಳನ್ನು ಅನುಸೂಚಿ ‘ಎಚ್’ಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು. ವಿಧಿ ಬಂದಿದೆ, ಅಭ್ಯಾಸ ಇನ್ನೂ ಹೋಗಿಲ್ಲ. ಆದುದರಿಂದ ಯಾರೇ ಕೊಟ್ಟ ಟ್ಯೂಬನ್ನಾಗಲಿ ಮುಖಕ್ಕೆ ಹಚ್ಚುವ ಮೊದಲು ಅದರ ಮೇಲಿನ ಸಣ್ಣಕ್ಷರಗಳನ್ನು ಓದಿ, ‘ಸೋನ್’, ‘ಸಾಲ್’ ಎಂದು ಕೊನೆಗೊಳ್ಳುವ ಹೆಸರುಗಳು ಕಂಡರೆ ಕೈ ಹಿಂದೆಗೆಯಬೇಕು. ಈಗಾಗಲೇ ಬಹುಕಾಲ ಹಚ್ಚಿದವರು ತಾವಾಗಿ ಥಟ್ಟನೆ ನಿಲ್ಲಿಸದೆ, ಖಾಲಿ ಟ್ಯೂಬುಗಳನ್ನೆಲ್ಲ ಕೊಂಡುಹೋಗಿ ಚರ್ಮವೈದ್ಯರಿಗೆ ತೋರಿಸತಕ್ಕದ್ದು. ಬಿಡಿಸುವ ಕ್ರಮ ಅವರಿಗೆ ಗೊತ್ತಿದೆ.

ನಿಜವಾದ ಚಿಕಿತ್ಸೆಯ ಆಧಾರಸ್ತಂಭಗಳು ಎರಡು. ಒಂದು ಬೆಂಜಾಯಿಲ್ ಪೆರಾಕ್ಸೈಡ್. ಇದು ಕೂಪದೊಳಗೆ ಆಮ್ಲಜನಕವನ್ನು ಬಿಡುಗಡೆ ಮಾಡಿ ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ, ಮತ್ತು ಇದರ ವಿರುದ್ಧ ಆ ಜೀವಿ ಪ್ರತಿರೋಧವನ್ನು ಬೆಳೆಸಿಕೊಳ್ಳಲಾರದು. ಶೇಕಡಾ 10ರ ಸತ್ವ ಬೇಕೆಂಬುದಿಲ್ಲ, ಶೇಕಡಾ 2.5ರದು ಹೆಚ್ಚುಕಡಮೆ ಅಷ್ಟೇ ಗುಣಕಾರಿ, ಉರಿ ಮಾತ್ರ ಕಡಿಮೆ. ತಲೆದಿಂಬಿನ ಬಣ್ಣವನ್ನು ಇದು ಮಾಸಿಸುವುದಾದ್ದರಿಂದ ಬಿಳಿ ಬಟ್ಟೆ ಹಾಸಿಕೊಳ್ಳುವುದು ಒಳಿತು. ಇನ್ನೊಂದು ‘ಎ’ ಜೀವಸತ್ವದ ಬಂಧುಗಳಾದ ರೆಟಿನಾಯ್ಡುಗಳು. ಟ್ರೆಟಿನಾಯಿನನ್ನು ಮೊಡವೆಗೆ ಹಚ್ಚಬಹುದೆಂದು ಕ್ಲಿಗ್‌ಮನ್ ಮತ್ತು ಸಂಗಡಿಗರು ತೋರಿಸಿಕೊಟ್ಟದ್ದು 1969ರಲ್ಲಿ. ಅದಕ್ಕಿಂತ ಸೌಮ್ಯವಾದ ಅಡಾಪಲೀನ್ 1990ರ ದಶಕದಲ್ಲಿ ಬಂದಿತು. ಕೂಪದ ಒಳಗೋಡೆಯ ಕೋಶಗಳು ಅಂಟಿಕೊಳ್ಳದಂತೆ ಮಾಡಿ, ಮೊಡವೆಯ ಬುನಾದಿಯನ್ನೇ ಇವು ತಡೆಯುತ್ತವೆ. ಹಾಗಾಗಿ ಎದ್ದ ಗುಳ್ಳೆಯೊಂದಕ್ಕೆ ಚುಕ್ಕೆಯಿಟ್ಟಂತೆ ಹಚ್ಚದೆ, ಒಂದು ಬಟಾಣಿಯಷ್ಟನ್ನು ತೆಗೆದುಕೊಂಡು, ರಾತ್ರಿ, ತೊಳೆದು ಪೂರ್ಣ ಒಣಗಿದ ಮುಖದ ಮೇಲೆ, ಮೊಡವೆ ಏಳಬಹುದಾದ ಪ್ರದೇಶಕ್ಕೆಲ್ಲ ತೆಳುವಾಗಿ ಸವರಬೇಕು. ಮೊದಮೊದಲು ದಿನ ಬಿಟ್ಟು ದಿನ ಹಚ್ಚಿ, ಚರ್ಮ ಒಗ್ಗಿದ ಮೇಲೆ ದಿನವೂ ಹಚ್ಚಬೇಕು. ಆರಂಭದ ವಾರಗಳಲ್ಲಿ ಸಿಪ್ಪೆಯೇಳುವುದೂ ತುಸು ಉರಿಯುವುದೂ ಉಂಟು. ಕೆಲವರಿಗೆ ಮೊಡವೆ ಹೆಚ್ಚಿದಂತೆಯೂ ಅನ್ನಿಸುತ್ತದೆ. ಇಲ್ಲಿಯೇ ಬಹುಜನ ಮದ್ದನ್ನು ಎಸೆದುಬಿಡುವುದು. ಎಂಟರಿಂದ ಹನ್ನೆರಡು ವಾರಗಳಿಗೆ ಮೊದಲು ಫಲವನ್ನು ತೀರ್ಮಾನಿಸಕೂಡದು. ಫಲ ದೊರೆತ ಮೇಲೆಯೂ ಕೆಲವು ಕಾಲ ಮುಂದುವರಿಸಲೇಬೇಕು. ಗರ್ಭಿಣಿಯರು ರೆಟಿನಾಯ್ಡುಗಳನ್ನು ವರ್ಜಿಸಬೇಕು; ಅವರಿಗೆ ಅಜೆಲಾಯಿಕ್ ಆಮ್ಲದಂತಹ ಬೇರೆ ಮದ್ದುಗಳಿವೆ.

ಆಂಟಿಬಯೋಟಿಕ್ಕುಗಳ ವಿಷಯದಲ್ಲಿ ನಮ್ಮಲ್ಲಿ ಔದಾರ್ಯ ಮಿತಿಮೀರಿದೆ. ಕ್ಲಿಂಡಮೈಸಿನ್ ಜೆಲ್ಲನ್ನು ಒಂಟಿಯಾಗಿ ತಿಂಗಳುಗಟ್ಟಲೆ ಹಚ್ಚುವುದು ಬ್ಯಾಕ್ಟೀರಿಯಕ್ಕೆ ಪ್ರತಿರೋಧದ ಪಾಠ ಹೇಳಿಕೊಟ್ಟಂತೆ. ಬೆಂಜಾಯಿಲ್ ಪೆರಾಕ್ಸೈಡಿನ ಜೊತೆಯಲ್ಲದೆ ಅದನ್ನು ಬಳಸಬಾರದು. ಡಾಕ್ಸಿಸೈಕ್ಲಿನ್ ಮುಂತಾದ ಮಾತ್ರೆಗಳು ಕೀವು ಬಾವುಗಳ ಮೊಡವೆಗೆ ಉಪಯುಕ್ತವಾದರೂ, ಸಾಮಾನ್ಯವಾಗಿ ಮೂರು ತಿಂಗಳಿಗೆ ಮೀರತಕ್ಕದ್ದಲ್ಲ. ಗಂಟುಗಟ್ಟಿ ಕುಳಿಬೀಳಿಸುವ ಉಗ್ರ ಮೊಡವೆಗೆ ಐಸೊಟ್ರೆಟಿನಾಯಿನ್ ಇದೆ. 1979ರಲ್ಲಿ ಗ್ಯಾರಿ ಪೆಕ್ ಮತ್ತು ಸಂಗಡಿಗರು ಇದರ ಗುಣವನ್ನು ಪ್ರಕಟಿಸಿದರು, 1982ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಅನುಮತಿ ದೊರೆಯಿತು. ತೈಲಗ್ರಂಥಿಯನ್ನೇ ಕುಗ್ಗಿಸಿ, ಅನೇಕರಲ್ಲಿ ಮೊಡವೆಯನ್ನು ದೀರ್ಘಕಾಲ ಅಡಗಿಸಬಲ್ಲ ಮದ್ದು ಇದೊಂದೇ. ತುಟಿ ಒಣಗುವುದು ಇದರ ನಿತ್ಯದ ಉಪದ್ರವ. ರಕ್ತದ ಕೊಬ್ಬು ಮತ್ತು ಯಕೃತ್ತಿನ ಪರೀಕ್ಷೆ ನಡುನಡುವೆ ಆಗಬೇಕು. ಇದನ್ನು ಸೇವಿಸುತ್ತಿರುವಾಗಲೂ, ನಿಲ್ಲಿಸಿದ ಒಂದು ತಿಂಗಳವರೆಗೂ ಗರ್ಭ ನಿಂತರೆ ಶಿಶುವಿಗೆ ಘೋರವಾದ ಅಂಗವೈಕಲ್ಯ ಉಂಟಾಗುವ ಸಂಭವವಿರುವುದರಿಂದ, ಮದುವೆಗೆ ಮೊದಲು ಮುಖ ತಿಳಿಯಾಗಲೆಂದು ಯಾರೋ ಹೇಳಿದ ಮಾತ್ರೆಯನ್ನು ಮಗಳಿಗೆ ತಂದುಕೊಡುವ ತಾಯಂದಿರು ಈ ಮಾತನ್ನು ಮನಸ್ಸಿನಲ್ಲಿ ಕೊರೆದಿಟ್ಟುಕೊಳ್ಳಬೇಕೆಂದು ನಾನು ಕೈಮುಗಿದು ಕೇಳುತ್ತೇನೆ.

ಹೆಣ್ಣುಮಕ್ಕಳಲ್ಲಿ ಇಪ್ಪತ್ತೈದು ಕಳೆದ ಮೇಲೆಯೂ ದವಡೆಯ ಅಂಚಿನಲ್ಲಿ, ಗಲ್ಲದಲ್ಲಿ, ತಿಂಗಳ ಮುಟ್ಟಿನ ಮುಂಚಿನ ದಿನಗಳಲ್ಲಿ ಮೊಡವೆ ಏಳುತ್ತಿದ್ದು, ಮುಟ್ಟು ಅಕ್ರಮವಾಗಿಯೂ ಮುಖದ ಕೂದಲು ಅಧಿಕವಾಗಿಯೂ ಇದ್ದರೆ, ಪಿ.ಸಿ.ಓ.ಎಸ್. ಎಂದು ಕರೆಯುವ ಹಾರ್ಮೋನಿನ ಅಸಮತೋಲವನ್ನು ಶಂಕಿಸಿ ಪರೀಕ್ಷೆ ಮಾಡಿಸಬೇಕು. ‘ಮದುವೆಯಾದ ಮೇಲೆ ಎಲ್ಲ ಸರಿಹೋಗುತ್ತದೆ’ ಎಂಬ ದೊಡ್ಡಮ್ಮಂದಿರ ಭರವಸೆ ಇಲ್ಲಿ ಹಾನಿಕರ. ಏಕೆಂದರೆ ಈ ಸ್ಥಿತಿಯ ಇತರ ಪರಿಣಾಮಗಳು, ಮಧುಮೇಹದ ಸಂಭವವೂ ಸೇರಿದಂತೆ, ಮುಖಕ್ಕಿಂತ ಹೆಚ್ಚು ಗಂಭೀರವಾದವು. ಇಂಥವರಿಗೆ ಹಾರ್ಮೋನಿನ ಮಾತ್ರೆಗಳೂ ಸ್ಪೈರೊನೊಲ್ಯಾಕ್ಟೋನ್ ಮೊದಲಾದವೂ ವೈದ್ಯರ ವಿವೇಚನೆಯಂತೆ ಸಲ್ಲುತ್ತವೆ.

ಮನೆಮದ್ದಿನ ಮಾತು ಹೇಳದೆ ಇರಲಾಗದು. ಕಡಲೆಹಿಟ್ಟು, ಮುಲ್ತಾನಿ ಮಿಟ್ಟಿ, ಅರಿಸಿನ, ಶ್ರೀಗಂಧಗಳು ಜಿಡ್ಡನ್ನು ಸ್ವಲ್ಪ ಕಾಲ ಹೀರಿ ಹಾಯೆನಿಸಬಹುದು, ಬಹುಮಟ್ಟಿಗೆ ನಿರಪಾಯವೂ ಹೌದು. ನಿಂಬೆರಸ, ಸೋಡಾಪುಡಿ, ಟೂತ್‌ಪೇಸ್ಟುಗಳು ಮಾತ್ರ ಚರ್ಮವನ್ನು ಸುಡುತ್ತವೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರಂತೂ ಕಪ್ಪು ಕಲೆಗಳು ಏಳುತ್ತವೆ. ನಮ್ಮಂತಹ ಕಂದುಬಣ್ಣದ ಚರ್ಮದಲ್ಲಿ ಪ್ರತಿಯೊಂದು ಉರಿಯೂತವೂ ಕಪ್ಪನ್ನು ಬಿಟ್ಟುಹೋಗುತ್ತದೆಂಬುದನ್ನು ಮರೆಯಬಾರದು. ಮೊಡವೆಗಿಂತ ಅದರ ಕಲೆಯೇ ಹೆಚ್ಚು ಕಾಲ ನೋಯಿಸುತ್ತದೆ. ದಿನಕ್ಕೆರಡು ಸಲ ಮೃದುವಾದ ಸಾಬೂನಿನಿಂದ ತೊಳೆಯುವುದು, ಜಿಡ್ಡಿಲ್ಲದ ಸನ್‌ಸ್ಕ್ರೀನನ್ನು ಬೆಳಗ್ಗೆ ಹಚ್ಚುವುದು, ಹಿಂಡದಿರುವುದು, ಇಷ್ಟು ಸಾಕು.

ಚಿಕಿತ್ಸೆ ಎಲ್ಲಿ ಎಂದು ಕೇಳುವವರಿಗೆ, ಕಳವಾದಲ್ಲಿ ಥಾಣೆ ಮಹಾನಗರಪಾಲಿಕೆಯ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆಯೂ ಅದಕ್ಕೆ ಹೊಂದಿಕೊಂಡ ರಾಜೀವ ಗಾಂಧಿ ವೈದ್ಯಕೀಯ ಕಾಲೇಜೂ ಇವೆ, ನೆರುಳಿನ ಡಿ.ವೈ. ಪಾಟೀಲ, ಕಾಮೋಠೆಯ ಎಂ.ಜಿ.ಎಂ. ವೈದ್ಯಕೀಯ ಕಾಲೇಜುಗಳಿವೆ. ಖಾಸಗಿ ವೈದ್ಯರಲ್ಲಿಗೆ ಹೋಗುವವರು ಫಲಕದ ಮೇಲೆ ಚರ್ಮರೋಗದ ಎಂ.ಡಿ. ಅಥವಾ ಡಿ.ವಿ.ಡಿ. ಪದವಿಯಿದೆಯೇ ಎಂದು ನೋಡಿ ಹೋಗಬೇಕು. ಸೌಂದರ್ಯ ಕೇಂದ್ರಗಳ ದೀಪಾಲಂಕಾರ ಪದವಿಯಲ್ಲ. ಡೊಂಬಿವಲಿಯ ಕರ್ನಾಟಕ ಸಂಘವು ನಡೆಸುವ ಮಂಜುನಾಥ ವಿದ್ಯಾಲಯದಂತಹ ಶಾಲೆಗಳಲ್ಲಿಯೂ, ಥಾಣೆ, ಕಲ್ಯಾಣ, ವಾಶಿಗಳ ಕನ್ನಡ ಸಂಘಗಳಲ್ಲಿಯೂ, ನೇತ್ರ ತಪಾಸಣೆ ರಕ್ತದಾನಗಳಿಗೆ ಏರ್ಪಾಡಾಗುವಂತೆ, ವರ್ಷಕ್ಕೊಮ್ಮೆ ಚರ್ಮವೈದ್ಯರೊಬ್ಬರನ್ನು ಕರೆಸಿ ಎಂಟು, ಒಂಬತ್ತನೆಯ ತರಗತಿಯ ಮಕ್ಕಳೊಡನೆ ಒಂದು ಗಂಟೆ ಮಾತಾಡಿಸಿದರೆ ಎಷ್ಟೋ ಮುಖಗಳು ಉಳಿದಾವು. ಆ ವಯಸ್ಸಿನ ಮಗುವಿಗೆ ಮೊಡವೆ ಸಣ್ಣ ವಿಷಯವಲ್ಲ. ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳಲು ಹಿಂಜರಿಯುವವರು, ಮನೆಯ ಸಮಾರಂಭದ ಭಾವಚಿತ್ರಕ್ಕೆ ಸಿಗದೆ ಒಳಕೋಣೆಯಲ್ಲಿ ಉಳಿಯುವವರು, ಊಟ ನಿದ್ದೆಗಳನ್ನು ಬಿಟ್ಟು ಮಂಕಾದವರು ಇದ್ದಾರೆ. ಮೊಡವೆಗೂ ಖಿನ್ನತೆಗೂ ಇರುವ ನಂಟನ್ನು ವೈದ್ಯರು ಮತ್ತೆ ಮತ್ತೆ ಕಂಡಿದ್ದಾರೆ. ತಂದೆತಾಯಿಗಳು ಮುಖವನ್ನು ಟೀಕಿಸುವ ಮೊದಲು ಮಗುವಿನ ಮನಸ್ಸನ್ನು ವಿಚಾರಿಸಬೇಕು.

ಕುಳಿಬಿದ್ದ ಕಲೆಗಳಿಗೆ ಚಿಕಿತ್ಸೆಯಿದೆಯೇ ಎಂದರೆ, ಇದೆ. ಆದರೆ ಹೊಸ ಮೊಡವೆಗಳು ಏಳುವುದು ನಿಂತ ಮೇಲೆ. ಸೂಜಿಮೊನೆಯಷ್ಟು ಕಿರಿದಾಗಿ ಆಳವಾದ ಕುಳಿಗೆ ತೀಕ್ಷ್ಣವಾದ ಆಮ್ಲವನ್ನು ಹನಿಯಾಗಿ ಮುಟ್ಟಿಸುವ ಕ್ರಮ, ಅಡಿಯಲ್ಲಿ ನಾರಿನಿಂದ ಜಗ್ಗಿ ಹಿಡಿದಿರುವ ಅಗಲವಾದ ತಗ್ಗಿಗೆ ಚರ್ಮದ ಕೆಳಗಿಂದ ಆ ನಾರನ್ನು ಬಿಡಿಸುವ ಕ್ರಮ, ಸೂಕ್ಷ್ಮ ಸೂಜಿಗಳಿಂದ ಚುಚ್ಚಿ ಹೊಸ ಅಂಗಾಂಶವನ್ನು ಬೆಳೆಸುವ ಕ್ರಮ, ಲೇಸರು, ಹೀಗೆ ಕಲೆಯ ಆಕಾರಕ್ಕೆ ತಕ್ಕಂತೆ ವಿಧಾನ ಬೇರೆ. ಸಾಮಾನ್ಯವಾಗಿ ಹಲವು ಸರದಿಗಳು ಬೇಕಾಗುತ್ತವೆ, ವೆಚ್ಚವೂ ಅಲ್ಪವಲ್ಲ. ಕಂದು ಚರ್ಮದಲ್ಲಿ ಲೇಸರಿನ ನಂತರ ಕಪ್ಪುಗಟ್ಟುವ ಸಂಭವವಿರುವುದರಿಂದ ಅದನ್ನು ಪಳಗಿದ ಕೈಯಿಂದಲೇ ಮಾಡಿಸಬೇಕು. ಕುಳಿ ಸಂಪೂರ್ಣವಾಗಿ ಮಾಯವಾಗುವುದಿಲ್ಲ, ಅದರ ಆಳ ಕಡಿಮೆಯಾಗುತ್ತದೆ. ಎಷ್ಟು ಕಡಿಮೆಯಾದೀತೆಂಬುದನ್ನು ಹಣ ಕಟ್ಟುವ ಮುನ್ನವೇ ವೈದ್ಯರಿಂದ ಸ್ಪಷ್ಟವಾಗಿ ಕೇಳಿ ತಿಳಿದುಕೊಳ್ಳಬೇಕು.